ಎಲ್ಲಿ ಸಣ್ಣದು, ಎಲ್ಲಿ ದೊಡ್ಡದು: ಜಿಮೆಶ್‌ನ ಸೈಜ್ ಫೀಲ್ಡ್‌ಗಳ ವಿಮರ್ಶೆ

ಅಗಲವಾದ ಒಂದು ತಗಡು, ಅದರ ನಟ್ಟನಡುವೆ ಒಂದು ದುಂಡು ತೂತು, ಎರಡು ಬದಿಯಿಂದಲೂ ಎಳೆತ. ಒಂದು ವಸ್ತುವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನವನ್ನು ಕಲಿಯುವವರು ಮೊದಮೊದಲಲ್ಲೇ ಮಾಡುವ ಈ ಲೆಕ್ಕಕ್ಕೆ ಜರ್ಮನ್ ಎಂಜಿನಿಯರ್ ಕಿರ್ಷ್ 1898ರಲ್ಲೇ ಕಾಗದದ ಮೇಲೆ ಉತ್ತರ ಕಂಡುಹಿಡಿದಿದ್ದರು. ತೂತಿನ ಅಂಚಿನಲ್ಲಿ, ಎಳೆತದ ದಿಕ್ಕಿಗೆ ಅಡ್ಡಲಾಗಿ ಬರುವ ಎರಡು ಬಿಂದುಗಳಲ್ಲಿ, ಸ್ಟ್ರೆಸ್ಸು (ವಸ್ತುವಿನ ಒಳಗೆ ಹುಟ್ಟುವ ಒತ್ತಡ) ದೂರದಲ್ಲಿರುವುದರ 3 ಪಟ್ಟಾಗುತ್ತದೆ. ಉತ್ತರ ಮೊದಲೇ ಗೊತ್ತಿರುವುದರಿಂದ, ಎಲಿಮೆಂಟುಗಳ ಬಲೆಯನ್ನು ಹೆಣೆಯುವ ಹೊಸ ಮೆಶ್ ಸಾಫ್ಟ್‌ವೇರ್ ಯಾವುದೇ ಕೈಗೆ ಬಂದರೂ ನಾನು ಮೊದಲು ಕೊಡುವುದು ಈ ತಗಡನ್ನೇ. ತಗಡು 400 ಮಿಲಿಮೀಟರ್ ಚೌಕ, ತೂತಿನ ತ್ರಿಜ್ಯ 10 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ತೂತಿನ ಸುತ್ತ ಸ್ಟ್ರೆಸ್ಸು ಏರುವ ಬಗೆ ಸರಿಯಾಗಿ ಸಿಗಬೇಕೆಂದು ಅಲ್ಲಿ ಅರ್ಧ ಮಿಲಿಮೀಟರಿನ ತ್ರಿಕೋನಗಳನ್ನು ಬಯಸಿ, ಅದೇ ಅಳತೆಯನ್ನು ಇಡೀ ತಗಡಿಗೆ ಹಚ್ಚಿದರೆ ಸುಮಾರು 15 ಲಕ್ಷ ತ್ರಿಕೋನಗಳಾಗುತ್ತವೆ. ಅದರ ಬದಲು ತೂತಿನಿಂದ 5 ಮಿಲಿಮೀಟರ್ ದೂರದವರೆಗೆ ಮಾತ್ರ ಅರ್ಧ ಮಿಲಿಮೀಟರ್ ಉಳಿಸಿಕೊಂಡು, ಅಲ್ಲಿಂದ 100 ಮಿಲಿಮೀಟರ್ ದೂರ ತಲುಪುವಷ್ಟರಲ್ಲಿ ನಿಧಾನವಾಗಿ 20 ಮಿಲಿಮೀಟರಿಗೆ ಏರಿಸಿದರೆ ಏಳೆಂಟು ಸಾವಿರ ತ್ರಿಕೋನಗಳು ಸಾಕು. ತೂತಿನ ಅಂಚಿನಲ್ಲಿ ಸಿಗುವ ಉತ್ತರಕ್ಕೆ ಇದರಿಂದ ಹೇಳಿಕೊಳ್ಳುವಂಥ ಕುಂದು ಬರುವುದಿಲ್ಲ. ಸುಮಾರು 200 ಪಟ್ಟಿನ ಈ ಉಳಿತಾಯವನ್ನು ನಾವು ಕೇಳಿದ ಜಾಗದಲ್ಲಿ, ಕೇಳಿದಷ್ಟೇ, ಪ್ರತಿ ಬಾರಿಯೂ ತಪ್ಪದೆ ಕೊಡಬಲ್ಲದೇ ಎಂಬುದೇ ಮೆಶ್ ಸಾಫ್ಟ್‌ವೇರ್ ಒಂದಕ್ಕೆ ನಾನು ಒಡ್ಡುವ ಪರೀಕ್ಷೆ.

ಈ ಕೆಲಸಕ್ಕೆ ನಾನು ಹಲವು ವರ್ಷಗಳಿಂದ ನೆಚ್ಚಿಕೊಂಡಿರುವುದು ಜಿಮೆಶ್ (Gmsh) ಎಂಬ ಮೆಶ್ ಕಟ್ಟುವ ಉಪಕರಣವನ್ನು. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಕ್ರಿಸ್ತೋಫ್ ಗ್ಯೂಝೇನ್ ಮತ್ತು ಲೂವ್ಯಾಂ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಜಾನ್-ಫ್ರಾನ್ಸ್ವಾ ರೆಮಾಕ್ಲ್ ಇದನ್ನು 1996ರಿಂದ ಬೆಳೆಸಿಕೊಂಡು ಬಂದಿದ್ದಾರೆ, ಮತ್ತು 2009ರಲ್ಲಿ ಇದರ ಒಳರಚನೆಯನ್ನು ವಿವರಿಸುವ ಪ್ರಬಂಧವನ್ನೂ ಪ್ರಕಟಿಸಿದ್ದಾರೆ. ಜಿಪಿಎಲ್ ಪರವಾನಗಿಯಡಿ ಮೂಲ ಕೋಡ್ ಸಮೇತ ಉಚಿತವಾಗಿ ಸಿಗುತ್ತದೆ. ಜಿಯೋ ಎಂಬ ತನ್ನದೇ ಸ್ಕ್ರಿಪ್ಟ್ ಭಾಷೆಯಲ್ಲೂ, ಪೈಥಾನ್, ಸಿ++, ಜೂಲಿಯಾ ಮುಂತಾದ ಭಾಷೆಗಳ ಮೂಲಕವೂ ಇದನ್ನು ನಡೆಸಬಹುದು. ಜ್ಯಾಮಿತಿಯ ಆಕಾರಗಳನ್ನು ಕಟ್ಟಲು ತನ್ನದೇ ಕರ್ನೆಲ್ ಒಂದಿದೆ, ಜೊತೆಗೆ ಅದೇ ಕೆಲಸದ ಓಪನ್‌ಕ್ಯಾಸ್ಕೇಡ್ ಕೂಡ ಇದೆ. ಇದರ ಇತರ ಗುಣಗಳನ್ನು ಬಿಟ್ಟು, ಮೆಶ್ಶಿನ ಅಳತೆಯನ್ನು ಒಂದೊಂದು ಜಾಗದಲ್ಲಿ ಹಿಡಿತಕ್ಕೆ ತರುವ ಒಂದೇ ವಿಷಯವನ್ನು ಇಲ್ಲಿ ಪರಿಶೀಲಿಸುತ್ತೇನೆ.

ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಸ್ಥಳೀಯ ರಿಫೈನ್‌ಮೆಂಟ್ (ಬೇಕಾದ ಜಾಗದಲ್ಲಷ್ಟೇ ಮೆಶ್ಶನ್ನು ಸಣ್ಣದಾಗಿಸುವುದು) ಎಂದರೆ ಒಂದು ಮುಖವನ್ನೋ ಅಂಚನ್ನೋ ಮೌಸಿನಿಂದ ಆರಿಸಿ, ಅದಕ್ಕೊಂದು ಅಳತೆ ಬರೆಯುವುದು. ಅಂಚಿನ ಮೇಲೆಯೇ ಸ್ಟ್ರೆಸ್ಸು ಏರುವಾಗ ಇದು ಸಾಕಾಗುತ್ತದೆ. ಆದರೆ ಬೆಸುಗೆಯ ಬುಡದಿಂದ ಲೋಹದ ಒಳಕ್ಕೆ ಎರಡು ಮಿಲಿಮೀಟರ್ ಆಳದವರೆಗೆ ಸಣ್ಣ ಎಲಿಮೆಂಟ್‌ಗಳು ಬೇಕೆಂದಾಗ ಅಥವಾ ಎರಡು ಭಾಗಗಳು ತಾಗಬಹುದಾದ ಒಂದು ತುಂಡು ಜಾಗದಲ್ಲಿ ಮಾತ್ರ ಬೇಕೆಂದಾಗ, ಅಲ್ಲಿ ಆರಿಸಲು ಅಂಚೇ ಇರುವುದಿಲ್ಲ. ಆಗ ಇಲ್ಲದ ಗೆರೆಯನ್ನು ಎಳೆದು ಮುಖವನ್ನು ಸೀಳಬೇಕಾಗುತ್ತದೆ. ಒಂದು ವಾಣಿಜ್ಯ ಪ್ಯಾಕೇಜಿನಲ್ಲಿ ನಾನು ಹೀಗೆ ಒಂದು ಬ್ರಾಕೆಟ್ಟಿನ ಮುಖಗಳನ್ನು ಹನ್ನೆರಡು ತುಂಡು ಮಾಡಿದ್ದೆ. ಡ್ರಾಯಿಂಗಿನಲ್ಲಿ ಒಂದು ಬೋಲ್ಟಿನ ತೂತು ಸ್ವಲ್ಪ ಸರಿದ ಮೇಲೆ ಮಾಡೆಲನ್ನು ಮತ್ತೆ ತಂದುಕೊಂಡಾಗ ಮುಖಗಳ ಸಂಖ್ಯೆಗಳೆಲ್ಲ ಬದಲಾಗಿದ್ದವು, ಮತ್ತು ನಾನು ಬರೆದಿದ್ದ ಅಳತೆ ಎಚ್ಚರಿಕೆಯ ಒಂದು ಸಾಲೂ ಇಲ್ಲದೆ ಯಾವ ಹೊರೆಯೂ ಬೀಳದ ಹಿಂಬದಿಯ ಅಂಚಿಗೆ ಹೋಗಿ ಕೂತಿತ್ತು. ಬೆಸುಗೆಯ ಬುಡ ಒರಟು ಮೆಶ್ಶಿನಲ್ಲೇ ಉಳಿದಿತ್ತು. ಚಿತ್ರವನ್ನು ಹಿಗ್ಗಿಸಿ ನೋಡಿದ್ದರಿಂದ ಗೊತ್ತಾಯಿತೇ ಹೊರತು, ಫಲಿತಾಂಶದ ಬಣ್ಣಗಳನ್ನು ಮಾತ್ರ ನೋಡಿದ್ದರೆ ಎಲ್ಲವೂ ಸುರಕ್ಷಿತವೆಂದೇ ಕಾಣುತ್ತಿತ್ತು.

ಒರಟು ಮೆಶ್ಶಿನ ಅಪಾಯವೇ ಇದು: ಒಂದು ಭಾಗ ಸೋಲುವಂಥದ್ದು ಎಂಬುದನ್ನು ಮರೆಮಾಚಿ, ಸಮಾಧಾನವಾಗುವಂಥ ಸಂಖ್ಯೆಯನ್ನು ಮುಂದಿಡುತ್ತದೆ. ನಾರ್ವೆಯ ಸ್ಲೈಪ್ನರ್ ಎ ತೈಲ ವೇದಿಕೆಯ ಕಾಂಕ್ರೀಟ್ ಬುಡ 1991ರ ಆಗಸ್ಟ್ 23ರಂದು ಸ್ಟವಾಂಗರ್ ಬಳಿಯ ನೀರಿನಲ್ಲಿ ಮುಳುಗಿದಾಗ, ಅದರ ಕೋಶಗಳು ಕೂಡುವ ಗೋಡೆಗಳಲ್ಲಿ ಶಿಯರ್ ಸ್ಟ್ರೆಸ್ಸನ್ನು (ಪದರಗಳನ್ನು ಒಂದರ ಮೇಲೊಂದು ಜಾರಿಸುವ ಸ್ಟ್ರೆಸ್ಸು) ಫೈನೈಟ್ ಎಲಿಮೆಂಟ್ ಲೆಕ್ಕ 47 ಶೇಕಡದಷ್ಟು ಕಡಿಮೆ ಅಂದಾಜು ಮಾಡಿದ್ದು ತನಿಖೆಯಲ್ಲಿ ಹೊರಬಂತು. ಆ ಜಾಗದ ಎಲಿಮೆಂಟ್‌ಗಳು ಒರಟಾಗಿಯೂ ಆಕಾರ ಕೆಟ್ಟೂ ಇದ್ದವು.

ಜಿಮೆಶ್ ಈ ಸಮಸ್ಯೆಯನ್ನು ಬೇರೆ ಕಡೆಯಿಂದ ಹಿಡಿಯುತ್ತದೆ. ಅದರಲ್ಲಿ ಎಲಿಮೆಂಟಿನ ಅಳತೆ ಅಂಚಿಗೆ ಅಂಟಿಸುವ ಚೀಟಿಯಲ್ಲ. ಬಿಂದು ಯಾವುದೇ ಇರಲಿ, ಅಲ್ಲಿ ಎಷ್ಟು ಅಳತೆ ಬೇಕು ಎಂದು ಹೇಳುವ ಒಂದು ಫಂಕ್ಷನ್. ಇದನ್ನೇ ಅವರು ಸೈಜ್ ಫೀಲ್ಡ್ ಎನ್ನುತ್ತಾರೆ. ತಗಡಿನ ಉದಾಹರಣೆಗೆ ಬೇಕಾಗುವುದು ಎರಡು ಫೀಲ್ಡ್‌ಗಳು. ಮೊದಲನೆಯದು ಡಿಸ್ಟನ್ಸ್. ಅದಕ್ಕೆ ತೂತಿನ ವಕ್ರರೇಖೆಯನ್ನು ತೋರಿಸಿದರೆ, ಯಾವುದೇ ಬಿಂದುವಿನಿಂದ ಆ ರೇಖೆಗೆ ಇರುವ ದೂರವನ್ನು ಅಳೆದು ಕೊಡುತ್ತದೆ. ಎರಡನೆಯದು ಥ್ರೆಶೋಲ್ಡ್. ಮೊದಲನೆಯದು ಕೊಟ್ಟ ದೂರವನ್ನು ತೆಗೆದುಕೊಂಡು, ಡಿಸ್ಟ್‌ಮಿನ್ ಒಳಗಿದ್ದರೆ ಸೈಜ್‌ಮಿನ್, ಡಿಸ್ಟ್‌ಮ್ಯಾಕ್ಸ್ ದಾಟಿದ್ದರೆ ಸೈಜ್‌ಮ್ಯಾಕ್ಸ್, ನಡುವೆ ಸರಳರೇಖೆಯಂತೆ ಏರುವ ಅಳತೆ ಎಂದು ಅದು ಲೆಕ್ಕ ಹಾಕುತ್ತದೆ. ಮೇಲೆ ಹೇಳಿದ 0.5, 20, 5, 100 ಎಂಬ ನಾಲ್ಕು ಸಂಖ್ಯೆಗಳನ್ನು ನಾಲ್ಕು ಸಾಲುಗಳಲ್ಲಿ ಬರೆದು, ಕೊನೆಯಲ್ಲಿ ಇದೇ ಬ್ಯಾಕ್‌ಗ್ರೌಂಡ್ ಫೀಲ್ಡ್ (ಇಡೀ ಮೆಶ್ಶಿಗೆ ಅನ್ವಯಿಸುವ ಫೀಲ್ಡ್) ಎಂದು ಘೋಷಿಸಿದರೆ ಮುಗಿಯಿತು. ಈ ಸಂಖ್ಯೆಗಳ ಆಯ್ಕೆಯಲ್ಲೂ ಒಂದು ಲೆಕ್ಕವಿದೆ. 95 ಮಿಲಿಮೀಟರ್ ದೂರದಲ್ಲಿ 19.5 ಮಿಲಿಮೀಟರ್ ಏರಿದರೆ, ಏರಿಕೆಯ ಇಳಿಜಾರು ಸುಮಾರು 0.2. ಅಂದರೆ ಪಕ್ಕಪಕ್ಕದ ಎಲಿಮೆಂಟ್‌ಗಳಲ್ಲಿ ಹೊರಗಿನದು ಒಳಗಿನದರ ಸುಮಾರು 1.2 ಪಟ್ಟು, ಅಷ್ಟೆ. ಬಾಕ್ಸ್ ಎಂಬ ಇನ್ನೊಂದು ಫೀಲ್ಡಿನಲ್ಲಿ ಒಳಗೊಂದು, ಹೊರಗೊಂದು ಅಳತೆ ಕೊಟ್ಟು, ಥಿಕ್‌ನೆಸ್ ಎಂಬ ಅಂತರವನ್ನು ಕೊಡಲು ಮರೆತರೆ, ಅರ್ಧ ಮಿಲಿಮೀಟರಿನಿಂದ 20ಕ್ಕೆ ನೇರ ಜಿಗಿತ ಬೀಳುತ್ತದೆ ಮತ್ತು ಗಡಿಯಲ್ಲಿ ಸೂಜಿಯಂಥ ಕೆಟ್ಟ ತ್ರಿಕೋನಗಳು ಹುಟ್ಟುತ್ತವೆ. ಆದ್ದರಿಂದ ಇಳಿಜಾರನ್ನು ಬಾಯಿಲೆಕ್ಕದಲ್ಲಾದರೂ ನೋಡಿಕೊಂಡೇ ಸಂಖ್ಯೆಗಳನ್ನು ಬರೆಯುವುದು ನನಗೀಗ ರೂಢಿಯಾಗಿದೆ.

ಫೀಲ್ಡ್‌ಗಳನ್ನು ಒಂದರ ಮೇಲೊಂದು ಕಟ್ಟಬಹುದು ಎಂಬುದೇ ಈ ವಿನ್ಯಾಸದ ನಿಜವಾದ ಬಲ. ಮೂರು ತೂತುಗಳಿಗೆ ಮೂರು ಥ್ರೆಶೋಲ್ಡ್, ತಾಗುವ ಜಾಗಕ್ಕೆ ಒಂದು ಬಾಕ್ಸ್, ಇವೆಲ್ಲವನ್ನೂ ಮಿನ್ ಎಂಬ ಫೀಲ್ಡಿಗೆ ಒಪ್ಪಿಸಿದರೆ ಪ್ರತಿ ಬಿಂದುವಿನಲ್ಲೂ ಅತಿ ಸಣ್ಣದ್ದನ್ನು ಅದು ಆರಿಸುತ್ತದೆ. ಒಂದು ಫೀಲ್ಡ್ ಕೆಲವೇ ಮುಖಗಳ ಮೇಲೆ ನಡೆಯಬೇಕೆಂದರೆ ರೆಸ್ಟ್ರಿಕ್ಟ್ ಇದೆ. ಮ್ಯಾತ್‌ಇವಾಲ್ ಎಂಬುದರಲ್ಲಂತೂ ನಮಗೆ ಬೇಕಾದ ಸೂತ್ರವನ್ನೇ ಬರೆಯಬಹುದು, ಸೂತ್ರದೊಳಗೆ ಬೇರೆ ಫೀಲ್ಡ್‌ಗಳನ್ನು ಹೆಸರಿಸಲೂಬಹುದು. ಇದರ ಬೆಲೆ ನನಗೆ ಗೊತ್ತಾದದ್ದು ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ಡೊಮೈನಿನಲ್ಲಿ, ಅಂದರೆ ಲೆಕ್ಕ ನಡೆಯುವ ಪ್ರದೇಶದಲ್ಲಿ. ಅಲ್ಲಿಯ ಒಳಮೂಲೆಯಲ್ಲಿ ಲಾಪ್ಲಾಸ್ ಸಮೀಕರಣದ ಉತ್ತರ ದೂರದ 2/3ನೇ ಘಾತದಂತೆ ನಡೆದುಕೊಳ್ಳುತ್ತದೆ, ಅದರ ಗ್ರೇಡಿಯೆಂಟ್ (ಬದಲಾಗುವ ದರ) ಮೂಲೆಗೆ ಹತ್ತಿರವಾದಂತೆ ಮೇರೆಯಿಲ್ಲದೆ ಬೆಳೆಯುತ್ತದೆ. ಇದರಿಂದಾಗಿ ಎಲ್ಲೆಡೆ ಒಂದೇ ಅಳತೆಯ ಲೀನಿಯರ್ ಎಲಿಮೆಂಟ್‌ಗಳನ್ನಿಟ್ಟು ಅಳತೆಯನ್ನು ಅರ್ಧ ಮಾಡುತ್ತ ಹೋದರೆ, ಎನರ್ಜಿ ನಾರ್ಮ್ ಎಂಬ ಅಳತೆಗೋಲಿನಲ್ಲಿ ತಪ್ಪು ಅರ್ಧವಾಗುವುದಿಲ್ಲ, ಎಲಿಮೆಂಟಿನ ಅಳತೆಯ 2/3ನೇ ಘಾತದಂತೆ ಮಾತ್ರ ಇಳಿಯುತ್ತದೆ. ಎಲಿಮೆಂಟಿನ ಅಳತೆಯನ್ನು ಮೂಲೆಯಿಂದಿರುವ ದೂರದ ವರ್ಗಮೂಲಕ್ಕೆ ಅನುಗುಣವಾಗಿ ಇಳಿಸಿದರೆ, ಕಳೆದುಹೋದ ಆ ವೇಗ ಪೂರ್ತಿಯಾಗಿ ಮರಳಿ ಸಿಗುತ್ತದೆ. ಸಿದ್ಧಾಂತದ ತರಗತಿಯಲ್ಲಿ ಹಲಗೆಯ ಮೇಲೆ ಕಂಡ ಈ ಮಾತನ್ನು ಜಿಮೆಶ್‌ನಲ್ಲಿ ಒಂದು ಸಾಲಾಗಿ ಬರೆದು, ಕೆಳಮಿತಿಯನ್ನು ಮೆಶ್‌ಸೈಜ್‌ಮಿನ್‌ನಲ್ಲಿ ಕೊಟ್ಟು, ತಪ್ಪಿನ ರೇಖೆ ನೆಟ್ಟಗೆ ಇಳಿದದ್ದನ್ನು ನೋಡಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ. ಅಂಚು ಆರಿಸಿ ಅಳತೆ ಬರೆಯುವ ಪದ್ಧತಿಯಲ್ಲಿ ಇದನ್ನು ಮಾಡಲು ಬಳೆಯೊಳಗೆ ಬಳೆಯಂತೆ ಎಷ್ಟೋ ಸುಳ್ಳು ವೃತ್ತಗಳನ್ನು ಎಳೆಯಬೇಕಾಗುತ್ತಿತ್ತು.

ಇನ್ನು ಎಡವುವ ಜಾಗಗಳು. ಬ್ಯಾಕ್‌ಗ್ರೌಂಡ್ ಫೀಲ್ಡ್ ಕೊಟ್ಟ ಮಾತ್ರಕ್ಕೆ ಅದರ ಮಾತೇ ಕೊನೆಯದೆಂದು ಹೊಸಬರು ತಿಳಿಯುತ್ತಾರೆ. ಜಿಮೆಶ್ ಅಳತೆಯನ್ನು ಹಲವು ಕಡೆಯಿಂದ ಕೇಳಿಸಿಕೊಳ್ಳುತ್ತದೆ: ಬಿಂದುಗಳಿಗೆ ಬರೆದ ಅಳತೆ, ವಕ್ರತೆಯಿಂದ ಬಂದ ಅಳತೆ, ಗಡಿಯ ಅಳತೆಯನ್ನು ಒಳಕ್ಕೆ ಹರಡಿದ ಅಳತೆ, ಮತ್ತು ನಮ್ಮ ಫೀಲ್ಡ್. ಇವುಗಳಲ್ಲಿ ಅತಿ ಸಣ್ಣದ್ದೇ ಗೆಲ್ಲುತ್ತದೆ. ಹಾಗಾಗಿ ಫೀಲ್ಡಿನಲ್ಲಿ 20 ಎಂದು ಬರೆದಿದ್ದರೂ, ಎಲ್ಲೋ ಮೂಲೆಯ ಒಂದು ಬಿಂದುವಿಗೆ ಹಿಂದೆಂದೋ ಕೊಟ್ಟಿದ್ದ 1 ಮಿಲಿಮೀಟರ್ ಅಳತೆ ಮೇಲೆದ್ದು ಬಂದು, ಅದು ಗಡಿಯಿಂದ ಒಳಕ್ಕೂ ಹರಡಿ, ಮೂರು ಆಯಾಮದ ಮಾಡೆಲಿನ ಹೊಟ್ಟೆಯೊಳಗೆ ಬೇಡವಾದ ಕಡೆಯಲ್ಲೆಲ್ಲ ಸಣ್ಣ ಟೆಟ್ರಾಹೆಡ್ರನ್‌ಗಳು ತುಂಬಿಕೊಳ್ಳುತ್ತವೆ. ಹೊರಮೈ ನೋಡಿದರೆ ಇದು ಕಾಣುವುದಿಲ್ಲ, ಕತ್ತರಿಸಿ ನೋಡಬೇಕು. ಪರಿಹಾರ ಸರಳವಾಗಿದೆ, ಅಧಿಕೃತ ಟ್ಯುಟೋರಿಯಲ್‌ಗಳ ಪೈಕಿ ಟಿ10ರಲ್ಲಿ ಅದನ್ನು ಹೇಳಿಯೂ ಇದ್ದಾರೆ. ಎಲ್ಲ ಅಳತೆಯನ್ನೂ ಫೀಲ್ಡೇ ನಿರ್ಧರಿಸಬೇಕಾದರೆ ಮೆಶ್‌ಸೈಜ್‌ಫ್ರಮ್‌ಪಾಯಿಂಟ್ಸ್, ಮೆಶ್‌ಸೈಜ್‌ಫ್ರಮ್‌ಕರ್ವೇಚರ್, ಮೆಶ್‌ಸೈಜ್‌ಎಕ್ಸ್‌ಟೆಂಡ್‌ಫ್ರಮ್‌ಬೌಂಡರಿ ಎಂಬ ಮೂರನ್ನೂ ಸೊನ್ನೆ ಮಾಡಬೇಕು. ಆದರೆ ಪಾಯಿಂಟ್ಸ್ ಮತ್ತು ಬೌಂಡರಿ ಎರಡೂ ಮೊದಲಿನಿಂದ ಚಾಲೂ ಇರುತ್ತವೆ, ಮತ್ತು ಮೆಶ್ ಮುಗಿದ ಮೇಲೆ ಯಾವ ಜಾಗದಲ್ಲಿ ಯಾರ ಮಾತು ನಡೆಯಿತು ಎಂದು ಸಾಫ್ಟ್‌ವೇರ್ ತಾನಾಗಿ ತಿಳಿಸುವುದಿಲ್ಲ. ಇಷ್ಟು ಯೋಚಿಸಿ ಕಟ್ಟಿದ ಉಪಕರಣದಲ್ಲಿ ನನಗೆ ನಿಜವಾಗಿಯೂ ಕೊರತೆಯೆನಿಸುವುದು ಇದೊಂದೇ. ಬಳಸುವವರಿಗೆ ಗೊತ್ತಾಗಬೇಕಾದದ್ದು ಎಲಿಮೆಂಟ್‌ಗಳ ಒಟ್ಟು ಸಂಖ್ಯೆ ಮಾತ್ರವಲ್ಲ, ಅವು ಅಷ್ಟು ಸಣ್ಣದಾದದ್ದಕ್ಕೆ ಕಾರಣವೂ ಹೌದು.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಡಿಸ್ಟನ್ಸ್ ಫೀಲ್ಡ್ ರೇಖೆಯಿಂದಿರುವ ದೂರವನ್ನು ರೇಖೆಯ ಮೇಲಿನ ಕೆಲವು ಮಾದರಿ ಬಿಂದುಗಳಿಂದ ಅಳೆಯುತ್ತದೆ, ಮತ್ತು ಸ್ಯಾಂಪ್ಲಿಂಗ್ ಎಂಬ ಆ ಸಂಖ್ಯೆಯನ್ನು ನಾವು ಬದಲಿಸದಿದ್ದರೆ ಅದು 20 ಇರುತ್ತದೆ. 10 ಮಿಲಿಮೀಟರ್ ತ್ರಿಜ್ಯದ ತೂತಿಗೆ ಇದರಿಂದ ತೊಂದರೆಯಿಲ್ಲ. ಸುತ್ತಳತೆ 63 ಮಿಲಿಮೀಟರ್, ಬಿಂದುಗಳ ನಡುವೆ ಮೂರು ಮಿಲಿಮೀಟರ್, ನಾವು ಬಿಟ್ಟಿರುವ 5 ಮಿಲಿಮೀಟರ್ ಪಟ್ಟಿಯೊಳಗೆ ಅದು ಅಡಗಿಹೋಗುತ್ತದೆ. ಅದೇ 400 ಮಿಲಿಮೀಟರ್ ಉದ್ದದ ಬೆಸುಗೆಯ ಗೆರೆಯಾದರೆ ಬಿಂದುಗಳ ನಡುವೆ 20 ಮಿಲಿಮೀಟರ್ ಅಂತರ ಬೀಳುತ್ತದೆ. ಗೆರೆಯ ಮೇಲೆಯೇ ಇರುವ ಬಿಂದುವೊಂದು 10 ಮಿಲಿಮೀಟರ್ ದೂರದಲ್ಲಿದೆ ಎಂದು ಫೀಲ್ಡ್ ತಿಳಿದುಕೊಳ್ಳುತ್ತದೆ. ಆಗ ಮೆಶ್ ಒಂದು ಪಟ್ಟಿಯಂತೆ ದಟ್ಟವಾಗುವ ಬದಲು ಮಣಿಸರದಂತೆ ಅಲ್ಲಲ್ಲಿ ದಟ್ಟ, ನಡುನಡುವೆ ಒರಟು ಆಗುತ್ತದೆ. ಮೆಶ್ ನೋಡುವ ಅಭ್ಯಾಸವಿದ್ದವರಿಗೆ ಈ ಮಣಿಸರ ಕಂಡಕೂಡಲೇ ಕಾರಣ ಹೊಳೆಯುತ್ತದೆ. ಉದ್ದದ ರೇಖೆಗಳಿಗೆ, ಉದ್ದವನ್ನು ಬೇಕಾದ ಕನಿಷ್ಠ ಅಳತೆಯಿಂದ ಭಾಗಿಸಿ ಸಿಗುವಷ್ಟು ಸ್ಯಾಂಪ್ಲಿಂಗ್ ಕೊಡುವುದು ಒಳ್ಳೆಯದು. ಹೆಚ್ಚಾದರೂ ಲೆಕ್ಕಕ್ಕೆ ಬರುವಂಥ ಸಮಯವೇನೂ ಹೋಗದು.

ಅಲ್ಗಾರಿದಂ ಬಗ್ಗೆ ಒಂದು ಮಾತು ಸಾಕು. ಎರಡು ಆಯಾಮದಲ್ಲಿ 6ನೇ ಸಂಖ್ಯೆಯ ಫ್ರಂಟಲ್-ಡೆಲನೇ ಸಾಮಾನ್ಯವಾಗಿ ಅತ್ಯಂತ ಅಚ್ಚುಕಟ್ಟಾದ ತ್ರಿಕೋನಗಳನ್ನು ಕೊಡುತ್ತದೆ. ಅಳತೆ ಕಡಿದಾಗಿ ಏರಿಳಿಯುವ ಫೀಲ್ಡ್ ಇದ್ದಾಗ ಮಾತ್ರ 5ನೆಯದಾದ ಡೆಲನೇಗೆ ಬದಲಾಯಿಸುವುದು ಲೇಸು.

ಡ್ರಾಯಿಂಗ್ ಬದಲಾದಾಗ ಸಂಖ್ಯೆಗಳು ತಪ್ಪಿಹೋಗುವ ಆ ಹಳೆಯ ಕಷ್ಟ ಜಿಮೆಶ್‌ನಲ್ಲೂ ಪೂರ್ತಿ ಇಲ್ಲವಾಗಿಲ್ಲ. ಓಪನ್‌ಕ್ಯಾಸ್ಕೇಡ್‌ನಲ್ಲಿ ಕೂಡಿಸು-ಕಳೆ ಮಾಡಿದ ಮೇಲೆ ರೇಖೆಗಳ ಸಂಖ್ಯೆ ಇಲ್ಲೂ ಬದಲಾಗುತ್ತದೆ. ಆದರೆ ಇಂತಿಷ್ಟು ಎಕ್ಸ್, ವೈ, ಝಡ್ ಮೇರೆಯ ಪೆಟ್ಟಿಗೆಯೊಳಗೆ ಬೀಳುವ ರೇಖೆಗಳನ್ನು ಹುಡುಕಿಕೊಡು ಎಂದು ಕೇಳುವ ಆದೇಶವಿದೆ. ಸಂಖ್ಯೆಯನ್ನು ಬರೆಯದೆ ಜಾಗವನ್ನು ಹೇಳಿ ರೇಖೆಯನ್ನು ಹಿಡಿದರೆ, ತೂತು ನಾಲ್ಕು ಮಿಲಿಮೀಟರ್ ಸರಿದರೂ ಸ್ಕ್ರಿಪ್ಟ್ ಅದನ್ನು ತಾನೇ ಕಂಡುಕೊಳ್ಳುತ್ತದೆ. ಪೆಟ್ಟಿಗೆಯೊಳಗೆ ಏನೂ ಸಿಗದಿದ್ದರೆ ಅಲ್ಲೇ ನಿಲ್ಲುವಂತೆಯೂ ಬರೆಯಬಹುದು. ನನ್ನ ಪೈಥಾನ್ ಸ್ಕ್ರಿಪ್ಟ್‌ಗಳಲ್ಲೆಲ್ಲ ಈ ನಿಲ್ಲಿಸುವ ಸಾಲು ಖಂಡಿತ ಇರುತ್ತದೆ.

ಇಷ್ಟಾದರೂ ಜಿಮೆಶ್‌ಗೆ ಒಂದು ವಿಷಯ ಗೊತ್ತಿಲ್ಲ: ತಪ್ಪು ಎಲ್ಲಿದೆ ಎಂಬುದು. ಅದು ಜ್ಯಾಮಿತಿಯನ್ನು ಬಲ್ಲದೇ ಹೊರತು ಉತ್ತರವನ್ನಲ್ಲ. ತಪ್ಪನ್ನು ಅಂದಾಜು ಮಾಡುವ ವಿಧಾನಗಳು ಬಾಬುಷ್ಕಾ ಮತ್ತು ರೈನ್‌ಬೋಲ್ಟ್ ಅವರ 1978ರ ಕೆಲಸದಿಂದಲೂ, ಝಿಯೆಂಕಿವಿಚ್ ಮತ್ತು ಝೂ ಅವರ 1987ರ ಸರಳ ವಿಧಾನದಿಂದಲೂ ನಮಗೆ ಲಭ್ಯವಾಗಿವೆ. ಡೀಲ್ ಡಾಟ್ ಟೂನಂಥ ಲೈಬ್ರರಿಗಳು ಆ ಅಂದಾಜನ್ನು ಲೆಕ್ಕದೊಳಗೇ ಮಾಡಿ, ತಪ್ಪು ಹೆಚ್ಚಿರುವ ಎಲಿಮೆಂಟ್‌ಗಳನ್ನಷ್ಟೇ ಸೀಳಿ, ಅಲ್ಲಿ ಹುಟ್ಟುವ ತೂಗುವ ನೋಡ್‌ಗಳನ್ನೂ (ಪಕ್ಕದ ಸೀಳದ ಎಲಿಮೆಂಟಿನ ಅಂಚಿನ ನಡುವೆ ಬಂದು ಕೂರುವ ಬಿಂದುಗಳು) ತಾವೇ ಸಂಭಾಳಿಸಿಕೊಳ್ಳುತ್ತವೆ. ಜಿಮೆಶ್‌ನಲ್ಲಿ ಆ ಚಕ್ರವನ್ನು ನಾವೇ ಪೂರ್ತಿ ಮಾಡಬೇಕು: ಸಮೀಕರಣ ಬಿಡಿಸುವ ಸಾಲ್ವರಿನಿಂದ ತಪ್ಪಿನ ಅಂದಾಜನ್ನು ಹೊರತೆಗೆದು, ಬೇಕಾದ ಅಳತೆಯಾಗಿ ಪರಿವರ್ತಿಸಿ, ಪೋಸ್ಟ್‌ವ್ಯೂ ಎಂಬ ಫೀಲ್ಡಿನ ಮೂಲಕ ಮರಳಿ ಕೊಟ್ಟರೆ, ಅದರಂತೆ ಹೊಸ ಮೆಶ್ ಕಟ್ಟಿಕೊಡುತ್ತದೆ. ಸ್ಥಿರ ಹೊರೆಯ ಲೀನಿಯರ್ ಲೆಕ್ಕಕ್ಕೆ ಈ ದಾರಿ ಸೊಗಸಾಗಿದೆ. ಪ್ಲಾಸ್ಟಿಸಿಟಿಯಂತೆ (ಹೊರೆ ತೆಗೆದರೂ ಉಳಿಯುವ ರೂಪಬದಲಾವಣೆ) ಹಿಂದಿನ ಹಂತದ ನೆನಪನ್ನು ಹೊತ್ತು ಸಾಗುವ ಲೆಕ್ಕಗಳಲ್ಲಿ ಮಾತ್ರ ಪ್ರತಿ ಹೊಸ ಮೆಶ್ಶಿಗೂ ಹಳೆಯದರಿಂದ ಎಲ್ಲವನ್ನೂ ವರ್ಗಾಯಿಸಬೇಕಾಗುವುದರಿಂದ, ಆ ವರ್ಗಾವಣೆಯೇ ಹೊಸ ತಪ್ಪಿನ ಮೂಲವಾಗುತ್ತದೆ. ಅಂಥ ಕೆಲಸಕ್ಕೆ ಒಳಗೇ ಸೀಳುವ ಸಾಫ್ಟ್‌ವೇರನ್ನೇ ನಾನು ಆರಿಸುತ್ತೇನೆ. ಎಕ್ಸ್‌ಪ್ಲಿಸಿಟ್ ಡೈನಮಿಕ್ಸ್, ಅಂದರೆ ಚಲನೆಯನ್ನು ಸಣ್ಣ ಸಣ್ಣ ಕಾಲಹಂತಗಳಲ್ಲಿ ಮುಂದೊಯ್ಯುವ ಲೆಕ್ಕ, ಮಾಡುವವರು ಇನ್ನೊಂದನ್ನು ಗಮನಿಸಬೇಕು. ಇಡೀ ಮಾಡೆಲಿನ ಟೈಮ್ ಸ್ಟೆಪ್ಪನ್ನು ಅತಿ ಸಣ್ಣ ಎಲಿಮೆಂಟ್ ಒಂದೇ ನಿರ್ಧರಿಸುತ್ತದೆ. ಉಕ್ಕಿನಲ್ಲಿ ಅರ್ಧ ಮಿಲಿಮೀಟರ್ ಎಂದರೆ ಸೆಕೆಂಡಿನ ಕೋಟಿಯಲ್ಲೊಂದು ಭಾಗದ ಆಸುಪಾಸು. ಫೀಲ್ಡಿನ ಸೈಜ್‌ಮಿನ್ ಅಲ್ಲಿ ಬರಿಯ ಮೆಶ್ಶಿನ ಆಯ್ಕೆಯಾಗಿ ಉಳಿಯುವುದಿಲ್ಲ.

ಸಣ್ಣ ಅಳತೆ ಇಷ್ಟು ಸುಲಭವಾಗಿ ಸಿಗುವಾಗ ಇನ್ನೊಂದು ಬಗೆಯ ಮೋಸಕ್ಕೂ ದಾರಿಯಾಗುತ್ತದೆ. ಹೊರೆ ಹೊರುವ ಭಾಗದಲ್ಲಿ ಫಿಲೆಟ್ (ಮೂಲೆಯನ್ನು ದುಂಡಾಗಿಸುವ ಕಮಾನು) ಇಲ್ಲದ, ಚೂಪಾದ 90 ಡಿಗ್ರಿಯ ಒಳಮೂಲೆ ಇದ್ದರೆ, ಎಲಾಸ್ಟಿಸಿಟಿಯ ಲೆಕ್ಕದಲ್ಲಿ ಅಲ್ಲಿಯ ಸ್ಟ್ರೆಸ್ಸಿಗೆ ಕೊನೆಯೆಂಬುದೇ ಇಲ್ಲ. ಎಲಿಮೆಂಟನ್ನು ಅರ್ಧ ಮಾಡಿದ ಪ್ರತಿ ಸಲವೂ ಮೂಲೆಯ ಸಂಖ್ಯೆ ಸುಮಾರು 37 ಶೇಕಡ ಏರುತ್ತದೆ, ಬಿರುಕಿನ ತುದಿಯಾದರೆ 41 ಶೇಕಡ. ದುಂಡು ತೂತಿನಲ್ಲಾದರೋ ಎರಡು ಸತತ ಉತ್ತರಗಳ ನಡುವಿನ ಅಂತರ ಕುಗ್ಗುತ್ತ ಕುಗ್ಗುತ್ತ 3ರ ಬಳಿ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ಕಂಡುಹಿಡಿಯಲು ಜಿಮೆಶ್ ಒದಗಿಸುವ ಅನುಕೂಲ ನನಗೆ ಬಹಳ ಇಷ್ಟ. ಮೆಶ್‌ಸೈಜ್‌ಫ್ಯಾಕ್ಟರ್ ಎಂಬ ಒಂದೇ ಸಂಖ್ಯೆಯನ್ನು 1, 0.5, 0.25 ಎಂದು ಬದಲಿಸಿದರೆ, ಫೀಲ್ಡಿನ ಆಕಾರ ಹಾಗೆಯೇ ಉಳಿದು ಎಲ್ಲ ಅಳತೆಗಳೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ. ಮೂರು ಮೆಶ್, ಮೂರು ಉತ್ತರ. ಏರಿಕೆ ಪ್ರತಿ ಬಾರಿಯೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಉಳಿದರೆ, ರಿಫೈನ್‌ಮೆಂಟ್ ನಿಲ್ಲಿಸಿ, ಆ ಮೂಲೆಯ ನಿಜವಾದ ತ್ರಿಜ್ಯ ಎಷ್ಟೆಂದು ಡ್ರಾಯಿಂಗ್ ಮಾಡಿದವರನ್ನು ಕೇಳಬೇಕು. ತ್ರಿಜ್ಯವನ್ನು ಮಾಡೆಲಿಗೆ ಸೇರಿಸಿದ ಮೇಲೆ, ಆ ಕಮಾನಿನ ಮೇಲೆ ಡಿಸ್ಟನ್ಸ್ ಮತ್ತು ಥ್ರೆಶೋಲ್ಡ್ ಎರಡನ್ನೂ ಕೂರಿಸಿ ಅದೇ ಮೂರು ಮೆಶ್ಶುಗಳನ್ನು ಮತ್ತೊಮ್ಮೆ ಓಡಿಸಬೇಕು.

ಮೌಸ್ ಹಿಡಿದೇ ಕೆಲಸ ಮಾಡುವವರಿಗೆ ಇದನ್ನು ನಾನು ಒತ್ತಾಯಿಸಿ ಹೇಳಲಾರೆ. ಫೀಲ್ಡ್‌ಗಳಿಗೆ ಪರದೆಯ ಮೇಲೆ ಒಂದು ಕಿಟಕಿ ಇದೆ, ಆದರೆ ಅದು ಸಂಖ್ಯೆ ತುಂಬುವ ಬರಿಯ ಫಾರಂ, ದಾರಿ ತೋರಿಸುವುದಿಲ್ಲ. ನಾಲ್ಕು ಸಾಲು ಸ್ಕ್ರಿಪ್ಟ್ ಬರೆಯಲು ಹಿಂಜರಿಯದವರು ಮಾತ್ರ ಟಿ10 ಅನ್ನು ನಕಲು ಮಾಡಿಕೊಂಡು, ಅದರ ಮೂರು ಸೊನ್ನೆಗಳನ್ನು ಅಳಿಸದೆ ಉಳಿಸಿಕೊಂಡು, ತಮ್ಮದೇ ತಗಡಿನಲ್ಲಿ ಒಂದು ತೂತು ಕೊರೆದು ಶುರುಮಾಡಲಿ. ಮುಖಗಳನ್ನು ಸೀಳಿ ಕೈಸುಟ್ಟುಕೊಂಡಿದ್ದ ಆ ಬ್ರಾಕೆಟ್ಟಿಗೆ ನಾನು ಆಮೇಲೆ ಜಿಮೆಶ್‌ನಲ್ಲಿ ಕಟ್ಟಿದ ಸ್ಕ್ರಿಪ್ಟ್ ಈಗಲೂ ಓಡುತ್ತಿದೆ. ಡ್ರಾಯಿಂಗ್ ಆಮೇಲೆ ಐದು ಸಲ ಬದಲಾಗಿದೆ, ಫೀಲ್ಡಿನ ಸಾಲುಗಳಲ್ಲಿ ಒಂದನ್ನೂ ತಿದ್ದಬೇಕಾಗಿ ಬಂದಿಲ್ಲ.